ಬಾಗಿಲ ಬ್ರೆಡ್ಡು

ಒರಾವಾ ಕಣಿವೆಯ ಆ ಪುಟ್ಟ ಬೇಕರಿಯಲ್ಲಿ ಬೆಳಬೆಳಿಗ್ಗೆಯೇ ವೆಂಡೆಲೀನನ ಪಿತ್ತ ನೆತ್ತಿಗೇರಿತ್ತು. ಊರಿನ ಹೊಸ ಸಭಾಂಗಣಕ್ಕೆ ಬರುವ ಅತಿಥಿಗಳಿಗೆ ಹಳೆಯ ವಾಡಿಕೆಯಂತೆ ಬಾಗಿಲಲ್ಲೇ ಬ್ರೆಡ್ಡು, ಉಪ್ಪು ಕೊಡಬೇಕು. ಹಿಟ್ಟು ನಾದಿ ಬೇಯಿಸಿದವಳು ಸೊಸೆ ಹುವಾಂಗ್. ತಟ್ಟೆ ಹಿಡಿಯುವವಳೂ ಅವಳೇ ಎಂದು ಅವನು ಎಣಿಸಿದ್ದ. ಅಷ್ಟರಲ್ಲಿ ಮೇಯರ್ ಕ್ವೆತೊಸ್ಲಾವ್ ಬಂದು ತಲೆ ಕೆರೆದುಕೊಂಡ.

"ತಪ್ಪು ತಿಳ್ಕೋಬೇಡ ಮಾರಾಯ, ಹುಡುಗಿ ಬಂಗಾರ. ಆದ್ರೂ ವಿಯೆಟ್ನಾಮಿನೋಳು. ಖ್ಲಿಯೆಬ್ ಅನ್ನೋದು ನಮ್ಮ ಅಜ್ಜ ಮುತ್ತಜ್ಜಂದಿರ ಮಾತು. ನಮ್ಮೋರೇ ಹಿಡಿದ್ರೆ ಚೆಂದ."

ಖ್ಲಿಯೆಬ್ ಎಂದರೆ ಬ್ರೆಡ್ಡು. ಆ ಮಾತು ಯಾರಪ್ಪನ ಮನೆಯಿಂದಲೂ ತಂದದ್ದಲ್ಲ ಎಂದು ಬಿಯರ್ ಅಂಗಡಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದವನು ವೆಂಡೆಲೀನನೇ. ಈಗ ಏನೆಂದು ಬಾಯಿ ಬಿಡುವುದು? ಹುವಾಂಗ್ ಏನೂ ಕೇಳಿಸದವಳಂತೆ ಹಲಗೆ ಒರೆಸುತ್ತಿದ್ದಳು.

ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಹಳೆಯ ಭಾಷೆಗಳನ್ನು ಕಲಿಸುವ, ಸಮಾರಂಭಕ್ಕೆಂದು ಊರಿಗೆ ಬಂದಿದ್ದ ಅವನ ತಂಗಿ ದ್ರಹೊಮೀರಾ ಕಾಫಿ ಕುಡಿಯುತ್ತ ನಕ್ಕಳು.

"ತಂದದ್ದೇ ಕಣೋ ಅಣ್ಣ. ಜರ್ಮನ್ನರ ಪೂರ್ವಿಕರಿಂದ."

"ನಿನ್ನ ತಲೆ! ಎಲ್ಲಿ ಬರೆದಿದೆ?"

"ಎಲ್ಲೂ ಇಲ್ಲ. ಆಗ ನಮ್ಮೋರಿಗೆ ಬರವಣಿಗೆನೇ ಇರ್ಲಿಲ್ಲ. ಪೋಲಂಡಿನೋರು, ರಷ್ಯಾದೋರು, ಸರ್ಬರು, ನಾವು, ಎಲ್ಲರ ಮಾತೂ ಪಕ್ಕಪಕ್ಕ ಇಟ್ಟು ನೋಡಿ, ಮೊದಲು 'ಖ್ಲೇಬು' ಅಂತ ಇದ್ದಿರ್ಬೇಕು ಅಂತೀವಿ. ಹೊರಗಿಂದ ಬಂತು, ನಿಜ. ಆದ್ರೆ ಹಿರಿಯರು ಹೊಸ್ತಿಲಾಚೆ ನಿಲ್ಲಿಸ್ಲಿಲ್ಲ. ಪುಲ್ಲಿಂಗ ಅಂದ್ರು, ಏಳೂ ವಿಭಕ್ತಿ ಹಚ್ಚಿದ್ರು, ಎರಡೇ ಬ್ರೆಡ್ಡಿದ್ರೆ ಅದಕ್ಕೂ ಬೇರೆ ರೂಪ ಕೊಟ್ರು. ಮನೆ ಮಾತಿಗೆ ಏನೇನಿತ್ತೋ ಅಷ್ಟೂ ಕೊಟ್ರು ಕಣೋ, ಒಂದೂ ಕಡಿಮೆ ಮಾಡ್ಲಿಲ್ಲ."

ವೆಂಡೆಲೀನನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಎದೆ ಉಬ್ಬಿತು. ಅಬ್ಬಾ, ಎಂಥ ಧಾರಾಳಿಗಳು ತನ್ನವರು! ತೀರಿಹೋದ ಹೆಂಡತಿ ಕಸೂತಿ ಹಾಕಿದ್ದ ಬಟ್ಟೆಯನ್ನು ತಟ್ಟೆಗೆ ಹಾಸಲೆಂದು ಪೆಟ್ಟಿಗೆಯಿಂದ ತೆಗೆದು ಸೊಸೆಯ ಕೈಗಿಟ್ಟ.

"ಬೇಡ ಮಾವ, ಊರೋರು ಆಡ್ಕೋತಾರೆ."

"ಆಡ್ಕೊಳ್ಳಲಿ. ನೀ ತಲೆ ಎತ್ಕೊಂಡು ನಡಿ."

"ಇವಳ್ಯಾರು ಅಂತ ಅತಿಥಿಗಳು ಕೇಳಿದ್ರೆ ನಾನೇನು ಹೇಳ್ಲಿ?" ಎಂದ ಮೇಯರ್.

"ನೀ ಯಾಕೆ ಹೇಳ್ತೀಯ? ನಾನಿಲ್ವಾ?"

ಸಭಾಂಗಣದ ಬಾಗಿಲಲ್ಲಿ ಊರಿಗೆ ಊರೇ ನೆರೆದಿತ್ತು. ತಟ್ಟೆ ಹಿಡಿದು ನಿಂತ ಹುವಾಂಗ್‌ಳನ್ನು ಕಂಡು ಪಿಸುಮಾತು ಎದ್ದಿತು. ಬಂದವರಲ್ಲಿ ಹಿರಿಯಾಕೆಯೊಬ್ಬರು ಬ್ರೆಡ್ಡು ಮುರಿದು, ಉಪ್ಪಿಗೆ ಅದ್ದಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು, ಕಣ್ಣರಳಿಸಿ ಹುವಾಂಗ್‌ಳನ್ನು ನೋಡಿದರು.

"ಎಷ್ಟು ಚೆನ್ನಾಗಿದೆ! ಯಾರ ಮಗಳಮ್ಮ ನೀನು?"

ಹುವಾಂಗ್ ತಲೆ ತಗ್ಗಿಸಿದಳು. ಮೇಯರ್ ಕೆಮ್ಮಿದ. ವೆಂಡೆಲೀನ್ ಜನರನ್ನು ಸರಿಸಿಕೊಂಡು ಮುಂದೆ ಬಂದ. ಸೊಸೆ ಎನ್ನಬೇಕೆಂದೇ ಬಾಯಿ ತೆರೆದಿದ್ದ.

"ನನ್ನ ಮಗಳು," ಎಂದ, ಕೊನೆಯ ಸಾಲಿನವರಿಗೂ ಕೇಳಿಸುವ ಹಾಗೆ.