ಎರಡು ಜಡೆಯ ಮುಖ

"ಹೋದ ಮಗುವಿನ ಹೆಸರಲ್ಲಿ ಇನ್ನೆಂಥ ಸಹಿ ಬಾಕಿ ಇದೆಯಮ್ಮ ನಿಮಗೆ?" ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಕೇಳಿದರು.

ಬಂದವಳು ನರ್ಸ್ ಸಿಸ್ಟರ್. ಆಸ್ಪತ್ರೆಯಲ್ಲಿ ಎಂಥ ದೊಡ್ಡ ಡಾಕ್ಟರಿಗೂ ಪಟಪಟ ಉತ್ತರ ಕೊಡುವ ಹೆಂಗಸು. ಇಲ್ಲಿ ಕಂಕುಳಲ್ಲಿದ್ದ ಫೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡಳು.

"ಬಿಡಿ ಅತ್ತೆ, ಬರಲಿ," ಒಳಗಿನಿಂದ ತಾಯಿಯ ದನಿ ಬಂತು.

ಸಿಸ್ಟರ್ ಕೇಳಲು ಬಂದದ್ದು ಸುಲಭದ ಮಾತಲ್ಲ. ಪೆಟ್ಟು ಬಿದ್ದು ಬರುವ ಮಕ್ಕಳಿಗೆ ಸೂಜಿ ಚುಚ್ಚದೆ ಮೂಗಿಗೇ ನೋವಿನ ಔಷಧ ಬಿಡುವುದು, ಹಳೆಯದು ಹೊಸದು ಎರಡರಲ್ಲಿ ಯಾವುದು ಬೇಗ ನೋವು ಇಳಿಸುತ್ತದೆ ನೋಡುವುದು, ಇಷ್ಟೇ ಆಸ್ಪತ್ರೆಯ ಪ್ರಯೋಗ. ಆ ಗಡಿಬಿಡಿಯಲ್ಲಿ ಅಪ್ಪ ಅಮ್ಮನನ್ನು ಎಲ್ಲಿ ಹುಡುಕುವುದು? ಮೊದಲು ಔಷಧ, ಆಮೇಲೆ ಮಗುವಿನ ವಿವರವನ್ನು ಪ್ರಯೋಗಕ್ಕೆ ಸೇರಿಸಲು ಅಪ್ಪ ಅಮ್ಮನ ಒಪ್ಪಿಗೆಯ ಸಹಿ, ಹಾಗೆಂದು ನಿಯಮ. ಬೇರೆ ತಾಯಂದಿರು ಸಹಿ ಹಾಕುವಾಗ ಮಗು ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿರುತ್ತಿತ್ತು. ಶಾಲೆಯೆದುರು ವ್ಯಾನಿನಡಿ ಸಿಕ್ಕಿದ ಈ ಏಳು ವರ್ಷದ ಚಿನಕುರುಳಿ ಮಾತ್ರ ಆಪರೇಷನ್ ಕೋಣೆಯಿಂದ ಜೀವಂತವಾಗಿ ಹೊರಗೆ ಬರಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ಸಿಸ್ಟರ್ ಆರು ವಾರ ತಳ್ಳಿದ್ದಳು.

ಹೇಳಬೇಕಾದ್ದನ್ನೆಲ್ಲ ತಡವರಿಸುತ್ತ ಹೇಳಿ ಮುಗಿಸಿದಳು. ಪಾಪ, ತಾಯಿ ಅರ್ಧವನ್ನೂ ಕೇಳಿಸಿಕೊಂಡಿರಲಿಲ್ಲ. ಅವಳ ಕಣ್ಣು ಕಿಟಕಿಯ ಮೇಲಿತ್ತು. ಅಲ್ಲೊಂದು ಬಾಚಣಿಗೆ, ಅದರ ಪಕ್ಕದಲ್ಲಿ ಸುತ್ತಿಟ್ಟ ಒಂದೇ ಒಂದು ಕೆಂಪು ರಿಬ್ಬನ್ನು.

"ಯಾವ ಔಷಧನಾದ್ರೂ ಆಗ್ಲಿ ಸಿಸ್ಟರ್. ತುಂಬಾ ನೋಯ್ತಾ ಅವಳಿಗೆ? ಅಷ್ಟು ಹೇಳಿ. ನಾನು ಬರೋಷ್ಟರಲ್ಲಿ ಬಾಗಿಲು ಹಾಕ್ಬಿಟ್ಟಿದ್ರು." ಬಾಚಣಿಗೆಯತ್ತ ಕೈ ತೋರಿಸಿ ಅಂದಳು: "ಅವತ್ತು ಬೆಳಿಗ್ಗೆ ಒಂದೇ ಜಡೆ ಹಾಕಿದ್ದೆ. ಎರಡು ಜಡೆ ಹಾಕು ಅಂತ ಪ್ರಾಣ ತಿಂದಳು. ಹೊತ್ತಾಯ್ತು, ಹಾಗೇ ಹೋಗೇ ಅಂತ ದಬ್ಬಿದೆ. ಮುಖ ಊದಿಸ್ಕೊಂಡು ಹೋದಳು."

ಸಿಸ್ಟರ್ ಫೈಲು ಬಿಚ್ಚಿ ಹಾಳೆಯೊಂದನ್ನು ಮುಂದಿಟ್ಟಳು. ಪ್ರತಿ ಸಾಲಿನಲ್ಲೂ ಆರು ಮುಖ, ನಗುವ ಮುಖದಿಂದ ಅಳುವ ಮುಖದವರೆಗೆ. ಐದೈದು ನಿಮಿಷಕ್ಕೊಮ್ಮೆ ಮಗುವಿಗೆ ತೋರಿಸಿ, ನೋವು ಎಷ್ಟಿದೆ ಅಂತ ತಿಳಿಯಲು, ಈಗ ನೀನು ಯಾವ ಮುಖ ಎಂದು ಕೇಳುವುದು ಅವಳ ಕೆಲಸ.

"ಮೊದಲು ಕೊನೇ ಮುಖ ತೋರಿಸಿದಳು. ಸುಳ್ಳು ಹೇಳಲ್ಲ, ಜೋರಾಗಿ ಅಳ್ತಿದ್ದಳು. ಆಮೇಲೆ ನಾಲ್ಕನೇದು. ಮೂರನೇ ಸಲ ಕೇಳಿದಾಗ ಪೆನ್ನು ಕಿತ್ಕೊಂಡು ಎರಡನೇ ಮುಖಕ್ಕೆ ತಾನೇ ಸುತ್ತು ಹಾಕಿದಳು. ಇದು ನಾನು, ಅಮ್ಮ ಬಂದ್ರೆ ತೋರಿಸಿ ಅಂದಳು. ನನಗೇ ಧೈರ್ಯ ಸಾಲದೆ ತಡ ಮಾಡಿದೆ, ಕ್ಷಮಿಸಿ."

ನಾಲ್ಕನೆಯ ಸಾಲಿನ ಯಾವ ಮುಖಕ್ಕೂ ಗುರುತಿರಲಿಲ್ಲ, ಅಷ್ಟರಲ್ಲಿ ಅವಳನ್ನು ಆಪರೇಷನ್ ಕೋಣೆಗೆ ಒಯ್ದಿದ್ದರು. ಮೂರನೆಯದರಲ್ಲಿ, ಸೊಟ್ಟ ಸುತ್ತಿನೊಳಗಿನ ಮುಖದ ಎರಡೂ ಕಡೆ ಗೀಚಿದ ಜಡೆ, ತುದಿಗೆ ರಿಬ್ಬನ್ನು.

ತಾಯಿ ಬೆರಳಿಟ್ಟು ನೋಡಿದಳು. "ಎರಡೂ ಹಾಕ್ಕೊಂಡಿದಾಳೆ ಅತ್ತೆ," ಅಂದವಳೇ ಗೊಳೋ ಎಂದು ಅತ್ತಳು. ಅಜ್ಜಿ ಬಾಗಿಲು ಬಿಟ್ಟು ಬಂದು ಸೊಸೆಯ ಬೆನ್ನಿಗೆ ಕೈಯಿಟ್ಟು ಕೂತರು.

ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾಯಿ ಕೇಳಿದಳು: "ಸಹಿ ಹಾಕದಿದ್ರೆ ಇದನ್ನೇನು ಮಾಡ್ತೀರಿ?"

"ಬೇಡ ಅಂದವರದ್ದು ಹರಿದುಹಾಕಬೇಕು ಅಂತಿದೆ."

"ಅಯ್ಯೋ, ಹರೀಬೇಡಿ! ಎಲ್ಲಿ ಹಾಕ್ಬೇಕು, ತೋರಿಸಿ."

ನಾಳೆಯೇ ಒಂದು ಪ್ರತಿ ಮಾಡಿಸಿ ತಂದುಕೊಡುವುದಾಗಿ ಹೇಳಿ ಸಿಸ್ಟರ್ ಎದ್ದಳು. ಮೆಟ್ಟಿಲಿಳಿದು ಹಾಳೆಯನ್ನು ಮಡಚಿ ಕೈಚೀಲಕ್ಕೆ ಸೇರಿಸಬೇಕು, ಅಷ್ಟರಲ್ಲಿ ಮೇಲಿನಿಂದ ತಾಯಿ ಕೂಗಿದಳು.

"ಸಿಸ್ಟರ್, ಮಡಚಬೇಡಿ ಅದನ್ನ!"

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಸ್ಟರ್ ಹಾಳೆಯಿದ್ದ ಫೈಲನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು. ಬಸ್ಸು ಜಗ್ಗಿದಾಗಲೆಲ್ಲ ಯಾರ್ಯಾರದೋ ಹೆಗಲಿಗೆ ಒರಗುತ್ತ, ಕಂಬಿ ಹಿಡಿಯದೆಯೇ ಕೊನೆಯ ಸ್ಟಾಪಿನವರೆಗೂ ನಿಂತಿದ್ದಳು.