ಒಂದೇ ಸಲ ತೊಳೆದ ಪಂಪು

"ಏ ಹಲ್ಕಟ್, ಹೊರಗ ಬಾ! ಕಳ್ಳ ಎಣ್ಣಿ ಮಾರಿ ಒಳಗ ತಂಪಾಗಿ ಕುಂತೀಯಲ್ಲ, ನಾಚಿಕಿ ಬರಂಗಿಲ್ಲೇನು ನಿನಗ?"

ಸೂಗಪ್ಪ ಸಾಹುಕಾರ ಬೇರುಸಮೇತ ಕಿತ್ತು ತಂದಿದ್ದ ಹತ್ತಿ ಗಿಡವನ್ನು ಮುಜಫರನ ಅಂಗಡಿಯ ಮೇಜಿನ ಮೇಲೆ ಬಿಸಾಡಿದ. ಶಹಾಪುರದ ಆ ಓಣಿಯಲ್ಲಿ ಬೀಜ, ಗೊಬ್ಬರ, ಎಣ್ಣೆ ಎಂದು ಕರೆಯುವ ಕೀಟದ ಔಷಧಿ ಕೊಳ್ಳಲು ಬಂದಿದ್ದ ಹದಿನೈದಿಪ್ಪತ್ತು ಮಂದಿ ತಿರುಗಿ ನೋಡಿದರು. ಅಂಗೈಯಗಲ ಇರಬೇಕಾದ ಎಲೆಗಳು ಬೆರಳಿನಂತೆ ಸೀಳಿ, ಮುರುಟಿ, ಬೆಂಡೆಕಾಯಿ ಎಲೆಯಂತಾಗಿದ್ದವು.

"ಎಣ್ಣಿ ಅಲ್ಲ, ವಿಷಾ ಕೊಟ್ಟಾನ ವಿಷಾ!"

"ಎಣ್ಣಿ ಅಂದ್ರ ವಿಷಾನೇ ಅಲ್ಲೇನ್ರಿ ಸಾವ್ಕಾರ್ರ?" ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕು ಮಂದಿ ಕಿಸಕ್ಕನೆ ನಕ್ಕರು. ಮುಜಫರ ನಗಲಿಲ್ಲ. ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎಂಟು ದಿನದಿಂದ ಫೋನಿನಾಗ ಇದೇ ಬೈಯಾಕತ್ತೀರಿ. ಅದೇ ಪೆಟ್ಟಗಿ ಎಣ್ಣಿ ಹತ್ತು ಮಂದಿ ಒಯ್ದಾರ್ರಿ. ಯಾರ ಹೊಲದಾಗೂ ಹಿಂಗ ಆಗಿಲ್ಲ. ಇರಲಿ, ಗಿಡ ಸತ್ತಿಲ್ಲ. ಮುರುಟಿದ ಕುಡಿ ಚಿವುಟಿದ್ರ ಕೆಳಗಿಂದ ಹೊಸಾ ಚಿಗುರು ಒಡಿತದ."

"ನಾಕು ಎಕರೆ ಕುಡಿ ಯಾರು ಚಿವುಟಬೇಕಲೇ, ನಿಮ್ಮಪ್ಪ ಬರ್ತಾನೇನು? ಕೃಷಿ ಆಫೀಸಿಗಿ ಫೋನ್ ಹಚ್ಚೀನಿ. ಈಗ ಬರ್ತಾರ ಸಾಹೇಬ್ರು. ಇವತ್ತು ನಿನ್ನ ಅಂಗಡಿಗಿ ಬೀಗ ಬೀಳಲಿಲ್ಲ ಅಂದ್ರ ನನ್ನ ಹೆಸರು ಸೂಗಪ್ಪ ಅಲ್ಲ."

ಅಂಗಡಿಯ ಮೆಟ್ಟಿಲ ಮೇಲೆ ಸಮುವೇಲ ನಿಂತಿದ್ದ. ಬೆನ್ನಿಗೆ ಎಣ್ಣೆ ಹೊಡೆಯುವ ಪಂಪು. ಅದರ ಮೂತಿ ಸವೆದಿತ್ತೆಂದು ಹೊಸದು ಕೊಳ್ಳಲು ಬಂದವನಿಗೆ ಈಗ ಮುಂದೆಯೂ ಹೆಜ್ಜೆ ಬಾರದು, ಹಿಂದೆಯೂ ಬಾರದು. ಸೂಗಪ್ಪನ ಕಣ್ಣು ಅವನ ಮೇಲೆ ಬಿತ್ತು.

"ನೋಡ್ರಿ, ನನ್ನ ಹತ್ತಿಗಿ ಎಣ್ಣಿ ಹೊಡದಾವ ಇಲ್ಲೇ ನಿಂತಾನ! ಕುಡ್ಯಾಂಗಿಲ್ಲ, ಬೀಡಿ ಸೇದಂಗಿಲ್ಲ, ಐತಾರ ಬಂದ್ರ ಚರ್ಚಿಗಿ ಹೋಗ್ತಾನ. ಇವ ಸುಳ್ಳು ಹೇಳಂಗಿಲ್ಲ. ಏ ಸಮ್ಯಾ, ಡಬ್ಬಿ ಒಡದಾಗ ವಾಸನಿ ಬ್ಯಾರೆ ಬಂದಿತ್ತಿಲ್ಲೋ? ಸಾಹೇಬ್ರ ಮುಂದ ಅಷ್ಟು ಹೇಳು ಸಾಕು."

ಸಮುವೇಲನ ಕಿವಿ ಕಾದವು. ಒಂದು ಹೂಂ. ಬರೀ ಒಂದು ಹೂಂ ಅಂದರೆ ಮುಗಿಯಿತು.

ಡಬ್ಬಿಯ ವಾಸನೆ ಸರಿಯಾಗಿಯೇ ಇತ್ತು. ಸರಿಯಿರದಿದ್ದದ್ದು ಪಂಪು. ಸೂಗಪ್ಪನ ಹತ್ತಿಗೆ ಹೊಡೆಯುವ ಹಿಂದಿನ ದಿನ ಹುಣಸಗಿಯಲ್ಲಿ ಭತ್ತದ ಗದ್ದೆಗೆ ಕಸದ ಎಣ್ಣೆ, ಅಂದರೆ ಕಳೆ ಸುಡುವ ಔಷಧಿ, ಹೊಡೆದಿದ್ದ. ಆ ಎಣ್ಣೆ ಹೊಡೆದ ಪಂಪನ್ನು ಸೋಪಿನ ಪುಡಿ ಹಾಕಿ ಮೂರು ಸಲ ತೊಳೆಯಬೇಕು. ತಳದಲ್ಲಿ ಹನಿ ಉಳಿದರೂ ಹತ್ತಿ ತಡೆಯದು. ಎಣ್ಣೆ ಹೊಡೆಯುವ ಹುಡುಗರಿಗೆಲ್ಲ ಗೊತ್ತಿರುವ ಮಾತು. ಆದರೆ ಆ ಸಂಜೆ ಕೊನೆಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಕಾಲುವೆ ನೀರಿನಲ್ಲಿ ಒಂದೇ ಸಲ ಅಲುಗಾಡಿಸಿ ಚೆಲ್ಲಿ ಓಡಿದ್ದ. ಮರುದಿನ ಬೆಳಿಗ್ಗೆ ಸೂಗಪ್ಪನ ಹತ್ತಿಗೆ ಅದೇ ಪಂಪು.

ಎಂಟು ದಿನದ ಹಿಂದೆ ಆ ಹೊಲದ ಬದುವಿನ ಮೇಲೆ ಹಾದುಹೋಗುವಾಗಲೇ ಎಲೆ ನೋಡಿದ್ದ. ನೋಡಿದ ಗಳಿಗೆಯಲ್ಲೇ ಗೊತ್ತಾಗಿತ್ತು. ಅಂದಿನಿಂದ ಫೋನು ರಿಂಗಾದರೂ ಎತ್ತುತ್ತಿರಲಿಲ್ಲ. ಮೊನ್ನೆ ಭಾನುವಾರ ಚರ್ಚಿನ ಪ್ರಭುಭೋಜನದಲ್ಲಿ ಪಾಸ್ಟರು ರೊಟ್ಟಿಯ ತುಣುಕು ಹಿಡಿದು ಬಂದಾಗ ಎಲ್ಲರ ಸಾಲಿನಲ್ಲಿ ಮೊಣಕಾಲೂರಲಿಲ್ಲ. ತಪ್ಪು ಮುಚ್ಚಿಟ್ಟುಕೊಂಡವನು ಅದನ್ನು ತಿನ್ನಬಾರದೆಂದು ಹಿಂದಿನ ಬೆಂಚಿನಲ್ಲೇ ಕೂತುಬಿಟ್ಟ. ಮನೆಗೆ ಬರುವ ದಾರಿಯಲ್ಲಿ ತಾಯಿ ದೇವಕಮ್ಮ ಕೇಳಿದಳು, "ಯಾಕೋ, ತೊಗೊಳ್ಲಿಲ್ಲ?"

"ಹೊಟ್ಟಿ ನೋಯಾಕತ್ತಿತ್ತು ಯವ್ವ."

"ಅಷ್ಟು ತುಣುಕು ಹೊಟ್ಟೀಗಂತ ಕೊಡ್ತಾರೇನೋ?" ಅಂದವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನಿಗೆ ದೊಡ್ಡ ಕಾಟವಾಯಿತು.

ಮುಜಫರ ಅವನನ್ನೇ ನೋಡುತ್ತಿದ್ದ. ಆ ನೋಟಕ್ಕೆ ಸಮುವೇಲನಿಗೆ ಸಿಟ್ಟು ಬಂತು. ಇವನಿಗೇನು, ಈ ಅಂಗಡಿ ಹೋದರೆ ಸುರಪುರದಲ್ಲಿ ಅಣ್ಣನ ಅಂಗಡಿ ಇದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ತನಗೆ ಈ ಪಂಪು ಬಿಟ್ಟರೆ ಏನಿದೆ? ಹತ್ತಿ ಸುಟ್ಟವನು ಎಂಬ ಹೆಸರು ಬಿದ್ದರೆ ಈ ಸೀಮೆಯಲ್ಲಿ ಯಾರು ಹೊಲಕ್ಕೆ ಕರೆಯುತ್ತಾರೆ? ಸೂಗಪ್ಪನ ಮೇಲೂ ಸಿಟ್ಟು ಬಂತು. ಬೈಯುವ ಬಾಯಲ್ಲೇ ತನ್ನನ್ನು ಹೊಗಳಿ ಕೂತಿದ್ದಾನೆ.

ಓಣಿಯ ತುದಿಯಲ್ಲಿ ಜೀಪು ತಿರುಗಿತು. "ಬಂದ್ರು ಬಂದ್ರು," ಎಂದು ಮಂದಿ ದಾರಿ ಬಿಟ್ಟರು.

"ಮುಜಫರಭಾಯ್‌ದು ಏನೂ ತಪ್ಪಿಲ್ರಿ," ಅಂದ ಸಮುವೇಲ. ದನಿ ಅವನದೇ ಅಲ್ಲದಂತೆ ಹೊರಬಿತ್ತು.

"ಏನಂದಿ?"

"ಎಣ್ಣಿ ಚಲೋನೇ ಇತ್ರಿ. ನನ್ನ ಪಂಪಿನಾಗ ಕಸದ ಎಣ್ಣಿ ಉಳದಿತ್ತು. ಸರಿಯಾಗಿ ತೊಳೀಲಾರದ ನಿಮ್ಮ ಹೊಲಕ ಹೊಡದೆ. ನಂದೇ ತಪ್ಪದರಿ ಸಾವ್ಕಾರ್ರ."

 ಜೀಪಿನಿಂದಿಳಿದ ಅಧಿಕಾರಿ ಯಾರನ್ನು ಕೇಳಬೇಕೆಂದು ತಿಳಿಯದೆ ಅತ್ತಿತ್ತ ನೋಡಿದ. ಮುಜಫರ ಮೇಜಿಗೆ ಕೈಯೂರಿ ಉಸಿರು ಬಿಟ್ಟ. ಆಮೇಲೆ ಮೆಲ್ಲಗೆ ಅಂದ, "ಎಂಟು ದಿನ ಸುಮ್ನ ಕುಂತಿಯಲ್ಲೋ ತಮ್ಮಾ. ಎಂಟು ದಿನ ನನ್ನ ಮನ್ಯಾಗ ಯಾರೂ ನೆಟ್ಟಗ ಉಂಡಿಲ್ಲ."

ಸೂಗಪ್ಪ ನಗಲು ಶುರುಮಾಡಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಕೇಳ್ರಪೋ, ಕೇಳ್ರಿ! ಐತಾರ ಮೊಣಕಾಲೂರೋದು, ಸೋಮವಾರ ಮಂದಿ ಹೊಲ ಸುಡೋದು! ಯೇಸಪ್ಪ ಬಂದು ನನ್ನ ಎಲಿ ಬಿಡಿಸ್ತಾನೇನಲೇ? ನಿಮ್ಮವ್ವ ಹಡದು ಇದನ್ನೇ ಕಲಿಸ್ಯಾಳೇನು ನಿನಗ? ಹಾಂ? ಏನು ಕಲಿಸ್ಯಾಳ ಆಕಿ?"

ಹೋದ ವರ್ಷ ಅವ್ವನ ಹೆಸರೆತ್ತಿದ ಟ್ರಾಕ್ಟರ್ ಡ್ರೈವರನ ಎರಡು ಹಲ್ಲು ಸಮುವೇಲನ ಇದೇ ಕೈ ಉದುರಿಸಿತ್ತು. ಈಗಲೂ ಆ ಕೈ ಪಂಪಿನ ಕಬ್ಬಿಣದ ಕೊಳವೆಯನ್ನು ಬಿಗಿಯಾಗಿ ಹಿಡಿಯಿತು. ಗೆಣ್ಣು ಬೆಳ್ಳಗಾದವು. ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಅವನ ಸಿಟ್ಟು ಊರಿಗೇ ಗೊತ್ತಿತ್ತು.

"ಜವಾಬು ಕೊಡಲೇ! ಬಾಯಿ ಬಿದ್ದದೇನು?"

ಸಮುವೇಲ ಕೊಳವೆಯನ್ನು ಪಂಪಿನ ಪಕ್ಕದ ಕೊಂಡಿಗೆ ಸಿಕ್ಕಿಸಿದ. ಒಮ್ಮೆಗೇ ಸಿಕ್ಕಲಿಲ್ಲ. ಎರಡನೇ ಸಲಕ್ಕೆ ಸಿಕ್ಕಿತು. ಮೆಟ್ಟಿಲಿಳಿದು, ಜೀಪಿನ ಪಕ್ಕದಿಂದ ಹಾದು ನಡೆದ. "ಹೋಗ್ಯಾನ ನೋಡ್ರಿ, ಹೇಡಿ!" ಎಂಬ ಕೂಗು ಬೆನ್ನಿಗೆ ಬಂದು ಬಡಿಯಿತು. ಬೆನ್ನಿನ ಪಂಪಿನೊಳಗೆ ಆ ಬೆಳಿಗ್ಗೆ ತೊಳೆದು ಉಳಿದಿದ್ದ ನೀರು ಹೆಜ್ಜೆ ಹೆಜ್ಜೆಗೂ ಗುಳುಗುಳು ಎನ್ನುತ್ತಿತ್ತು.

ಬಸ್ ನಿಲ್ದಾಣ ದಾಟಿದ. ಮನೆಗೆ ತಿರುಗುವ ಓಣಿಯನ್ನೂ ದಾಟಿದ. ಸೂಗಪ್ಪನ ಹತ್ತಿ ಹೊಲಕ್ಕೆ ಹೋಗುವ ಕಾಲುವೆ ದಂಡೆಯ ಮೇಲೆ ಬಿಸಿಲು ಸುಡುತ್ತಿತ್ತು. ಕುಡಿ ಚಿವುಟುವವನಂತೆ ಹೆಬ್ಬೆರಳಿನ ಉಗುರನ್ನು ತೋರುಬೆರಳಿಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿಕೊಳ್ಳುತ್ತ ಅವನು ನಡೆಯುತ್ತಲೇ ಇದ್ದ.