ನಾಗಲಕ್ಷ್ಮಿಗೆ ಕೊಟ್ಟ ಕೋಣೆ

ಬೆಂಕಿಪೊಟ್ಟಣದ ಮೇಲಿನ ಚಿತ್ರಗಳನ್ನು ಕೂಡಿಡುವವರೂ ಒಂದು ಸಂಘ ಕಟ್ಟಿಕೊಂಡಿದ್ದಾರೆಂದು ನಾಗಲಕ್ಷ್ಮಿಗೆ ತಿಳಿಯುವಷ್ಟರಲ್ಲಿ ಅವಳಿಗೆ ಮೂವತ್ತು ದಾಟಿತ್ತು. ಹಳೇಕೋಟೆಯಲ್ಲಿ ಅವಳನ್ನು ಗಂಡುಮಗನೆಂದು ಬೆಳೆಸಿದವರು, ಅವಳು ಸೀರೆಯುಟ್ಟ ದಿನ ಬಾಗಿಲು ಹಾಕಿಕೊಂಡಿದ್ದರು. ಅಂದಿನಿಂದ ಹೊಳೆನರಸೀಪುರದಲ್ಲಿ ಬಾಡಿಗೆ ಕೋಣೆ ಹಿಡಿದು ರವಿಕೆ ಹೊಲಿದುಕೊಂಡಿದ್ದಳು. ಹುಲಿ, ನವಿಲು, ಹಡಗಿನ ಚಿತ್ರಗಳಷ್ಟೇ ಊರಿನಿಂದ ಜೊತೆಗೆ ಬಂದಿದ್ದವು.

2004ರಲ್ಲಿ ಹಾಸನದಲ್ಲಿ ನಡೆದ ಸಂಘದ ಸಮಾವೇಶಕ್ಕೆ ಆಸೆಪಟ್ಟು ಹೋದಳು. ಉಳಿಯಲು ಛತ್ರದಲ್ಲಿ ಗಂಡಸರಿಗೊಂದು ಹಜಾರ, ಹೆಂಗಸರಿಗೊಂದು. ಹೆಂಗಸರು ಒಳಗೆ ಬಿಡಲಿಲ್ಲ. ಗಂಡಸರು "ಬಾ ಬಾ" ಎಂದು ನಕ್ಕರು. ಎದೆಗೆ ಸಿಕ್ಕಿಸಲು ಕೊಟ್ಟ ಚೀಟಿಯಲ್ಲಿ, ಅವಳು ಬಿಟ್ಟುಬಂದ ಹೆಸರನ್ನೇ ಯಾರೋ ಬರೆದಿದ್ದರು. ಗಂಟು ಬಿಚ್ಚದೆ ಬಸ್ಸು ಹತ್ತಿದಳು.

ಮರುವರ್ಷ ಸಂಘದ ಕಾರ್ಯದರ್ಶಿ, ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿ, ಅವಳ ಬಾಗಿಲಿಗೇ ಬಂದರು.

"ಈ ಸಲ ಚನ್ನರಾಯಪಟ್ಟಣದಲ್ಲೈತೆ. ಬರ್ಬೇಕು ನೀವು."

"ಓದ್ಸಲ ಬಂದಿದ್ದೇ ಸಾಕು ಸಾ. ಎಲ್ಲಿ ಮಲೀಕಳ್ಳಿ? ಬಚ್ಚಲಿಗೆ ಎಲ್ಲಿಗೋಗ್ಲಿ? ಯಾರಾರ ಆಡ್ಕೊಂಡ್ರೆ ನೀವೂ ನಕ್ಕಂಡು ನಿಂತ್ಕತೀರ?"

ಹೋದ ಸಲ ಮೇಷ್ಟ್ರು ನಿಜವಾಗಿಯೂ ನಕ್ಕಿದ್ದರು. ಮುಖ ಕೆಂಪಗಾಯಿತು. "ಈ ಸಲ ನಿಂತ್ಕಳಲ್ಲ" ಎಂದರು.

ಮಾತಿಗೆ ತಪ್ಪಲಿಲ್ಲ. ಬಚ್ಚಲಿದ್ದ ಕೋಣೆಯೊಂದನ್ನು ಅವಳಿಗೇ ಬಿಡಿಸಿಕೊಟ್ಟರು. ಖಾಲಿ ಚೀಟಿ ಕೊಟ್ಟು ಅವಳ ಕೈಯಲ್ಲೇ ಹೆಸರು ಬರೆಸಿದರು. ಯಾರನ್ನಾದರೂ ಹಂಗಿಸಿದವರು ಅದೇ ಗಳಿಗೆ ಆಚೆ ಎಂದು ಮೈಕಿನಲ್ಲಿ ಸಾರಿದರು. ಅಷ್ಟಾದರೂ ಸಂಘದ ಹಿರಿಯ ರುದ್ರಯ್ಯ ಅವಳು ಚಿತ್ರಗಳನ್ನು ಹರಡಿದ್ದ ಮೇಜಿನ ಮುಂದೆ ನಿಂತು, ಅಣಕಿಸುವಂತೆ ಅಂಗೈ ಅಗಲಿಸಿ ಚಪ್ಪಾಳೆ ತಟ್ಟಿದ.

ಮೇಷ್ಟ್ರು ಬಂದರು. "ರುದ್ರಣ್ಣ, ನಿಮ್ಮ ಪೆಟ್ಟಿಗೆ ಎತ್ಕಳಿ."

"ತಮಾಸೆಗೆ ಕಣಯ್ಯ!"

"ಗೊತ್ತಾಯ್ತು. ಎತ್ಕಳಿ."

ರುದ್ರಯ್ಯ ಗೊಣಗುತ್ತ ಹೊರಟ. ಆಮೇಲೆ ಯಾರೂ ನಗಲಿಲ್ಲ. ಯಾರೂ ಹತ್ತಿರ ಬರಲೂ ಇಲ್ಲ. ಬಂದವರು ಚೀಟಿಯ ಹೆಸರು ಓದಿ, ಮರ್ಯಾದೆಯಿಂದ ಮುಂದೆ ಸರಿದರು. ಅಕ್ಕಪಕ್ಕದ ಮೇಜುಗಳಲ್ಲಿ ನವಿಲಿಗೆ ಹಡಗು ಕೊಡುವ ಚೌಕಾಸಿ ಜೋರಾಗಿತ್ತು. ಊಟಕ್ಕೆ ಕೂತಾಗ ಅವಳ ಎರಡೂ ಪಕ್ಕದ ಎಲೆಗಳು ಖಾಲಿಯೇ ಉಳಿದವು.

ಮಧ್ಯಾಹ್ನ ಎಲ್ಲರೂ ಅಡ್ಡಾಗಲು ಹೋದರು. ಕೋಣೆಯ ಗೋಡೆಯಾಚೆ ಹೆಂಗಸರು ಹರಟುವುದು ಕೇಳುತ್ತಿತ್ತು. ನಾಗಲಕ್ಷ್ಮಿ ಎಷ್ಟೋ ಹೊತ್ತು ಮಂಚದ ತುದಿಯಲ್ಲಿ ಕೂತಿದ್ದು, ಎದ್ದು ಮೇಷ್ಟ್ರನ್ನು ಹುಡುಕಿಕೊಂಡು ಹೋದಳು.

"ಕೋಣೆ ಚೆಂದಾಗೈತೆ ಸಾ. ಆದ್ರೆ ಒಬ್ಳೇ ಇರಾಕೆ ನನ್ನ ಮನೇನೇ ಐತಲ್ಲ."

"ಹೆಂಗಸರಿಗೆ ನಾನೆಂಗಮ್ಮ ಹೇಳ್ಲಿ?"

"ಏಳ್ಬ್ಯಾಡಿ. ಕೇಳಿ."

ಮೇಷ್ಟ್ರು ಹೆಂಗಸರ ಹಜಾರದ ಬಾಗಿಲಲ್ಲಿ ನಿಂತು, ನಾಗಲಕ್ಷ್ಮಿಗೆ ಒಳಗೆ ಜಾಗ ಕೊಡುತ್ತೀರಾ ಎಂದು ಕೇಳಿದರು. ಕೊನೆಗೆ ಹಾಸನದ ಬ್ಯಾಂಕ್ ಉದ್ಯೋಗಿ ಪ್ರಿಯಂವದಾ ಬಾಯಿಬಿಟ್ಟಳು. "ನನ್ನ ಪಕ್ಕ ಜಾಗ ಇದೆ. ಬರಲಿ." ಹೋದ ವರ್ಷ ಅಡ್ಡ ನಿಂತವರಲ್ಲಿ ಅವಳೂ ಒಬ್ಬಳು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಾಗಲಕ್ಷ್ಮಿ ಚಾಪೆ ಹಾಸಿದಳು. ಇನ್ನಿಬ್ಬರು ತಮ್ಮ ಚಾಪೆಗಳನ್ನು ಆಚೆ ಗೋಡೆಗೆ ಎಳೆದುಕೊಂಡದ್ದು ಅವಳ ಕಣ್ಣಿಗೆ ಬಿತ್ತು.

"ಹಡಗಿನದು ನಿಮ್ಮ ಹತ್ರ ಎರಡಿದೆಯಂತೆ?" ಪ್ರಿಯಂವದಾ ಕೇಳಿದಳು.

"ಐತೆ. ಸುಮ್ನೆ ಕೊಡಕಿಲ್ಲ."

"ಸುಮ್ನೆ ಯಾರು ಕೇಳಿದ್ರು? ಮೊದಲು ತೋರಿಸಿ."

ಮಾತು ಬೇಗ ಮುಗಿದುಹೋಗದಿರಲೆಂದು ನಾಗಲಕ್ಷ್ಮಿ ಚಿತ್ರ ಅಂಟಿಸಿದ ಹಾಳೆಗಳನ್ನು ನಿಧಾನವಾಗಿ ತಿರುವತೊಡಗಿದಳು.